ವೈಸಾಲೆ ಸೆರೆವಿ

ವೈಸಾಲೆ ಟಿಕೊಯ್‌ಸೊಲೊಮೋನಿ ಸೆರೆವಿ (ಜನನ: 20 ಮೇ 1968) ಫಿಜಿ ದೇಶದ ರಗ್ಬಿ ಆಟಗಾರ ಹಾಗೂ ತರಬೇತುದಾರ. ಏಳು ಮಂದಿಯ ರಗ್ಬಿಯಲ್ಲಿ, ಅಂದರೆ ರಗ್ಬಿ ಸೆವೆನ್ಸ್‌ನಲ್ಲಿ, ಅತಿಶ್ರೇಷ್ಠ ಆಟಗಾರ ಯಾರೆಂಬ ಚರ್ಚೆ ಎದ್ದಾಗಲೆಲ್ಲ ಮೊದಲು ಕೇಳಿಬರುವ ಹೆಸರು ಇವರದು. 1989ರಲ್ಲಿ ಹಾಂಗ್‌ಕಾಂಗ್ ಪಂದ್ಯಾವಳಿಯಲ್ಲಿ ಕಾಣಿಸಿಕೊಂಡ ಸೆರೆವಿ ಅಲ್ಲಿಂದ ಸುಮಾರು ಎರಡು ದಶಕ ಫಿಜಿಯ ಬಿಳಿ ಅಂಗಿ ತೊಟ್ಟರು. 1997 ಮತ್ತು 2005ರ ಸೆವೆನ್ಸ್ ವಿಶ್ವಕಪ್‌ಗಳನ್ನು ಗೆದ್ದ ತಂಡಗಳಲ್ಲಿದ್ದರು. 2005–06ರಲ್ಲಿ ಆಟಗಾರನೂ ತರಬೇತುದಾರನೂ ತಾವೇ ಆಗಿ ಫಿಜಿಗೆ ಮೊದಲ ಬಾರಿ ವಿಶ್ವ ಸರಣಿ ಪ್ರಶಸ್ತಿ ತಂದುಕೊಟ್ಟರು. ವಿಶ್ವಕಪ್ ಸೆವೆನ್ಸ್‌ನಲ್ಲಿ ಅವರು ಗಳಿಸಿದ 297 ಅಂಕಗಳು ಆ ಸ್ಪರ್ಧೆಯ ದಾಖಲೆ. 2013ರಲ್ಲಿ ಅಂತಾರಾಷ್ಟ್ರೀಯ ರಗ್ಬಿ ಮಂಡಳಿ ಅವರ ಹೆಸರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿತು.

ಸೆರೆವಿಯವರ ಕ್ರೀಡಾಜೀವನಕ್ಕೆ ಪದಕಗಳ ಪಟ್ಟಿಯಾಚೆಗೂ ಮಹತ್ವವಿದೆ. ಅವರು ಆಡಲು ಬಂದಾಗ ಸೆವೆನ್ಸ್ ಎಂದರೆ ಋತುವಿನ ಕೊನೆಯಲ್ಲಿ ಮೋಜಿಗೆ ಆಡುವ ಕಿರುರಗ್ಬಿ ಎಂದೇ ಬಹಳ ದೇಶಗಳು ಭಾವಿಸಿದ್ದವು. ಅವರು ನಿವೃತ್ತರಾಗುವ ಹೊತ್ತಿಗೆ ಅದಕ್ಕೆ ತನ್ನದೇ ವಿಶ್ವಕಪ್, ತನ್ನದೇ ವಾರ್ಷಿಕ ಸರಣಿ ಇದ್ದವು. ಒಲಿಂಪಿಕ್ಸ್ ಬಾಗಿಲೂ ಹತ್ತಿರವಾಗಿತ್ತು. ಸೆವೆನ್ಸ್ ಒಂದು ಸ್ವತಂತ್ರ ಆಟ, ಅದಕ್ಕೆ ಬೇಕಾದ ದೇಹ, ಬುದ್ಧಿ ಮತ್ತು ಅಭ್ಯಾಸ ಬೇರೆಯೇ ಎಂಬುದನ್ನು ಮೈದಾನದಲ್ಲಿ ತೋರಿಸಿಕೊಟ್ಟವರಲ್ಲಿ ಸೆರೆವಿ ಅಗ್ರಗಣ್ಯರು.

ಆಟದ ಸ್ವರೂಪ

ಸೆವೆನ್ಸ್ ಹುಟ್ಟಿದ್ದು 1883ರಲ್ಲಿ, ಸ್ಕಾಟ್ಲೆಂಡಿನ ಗಡಿನಾಡಿನ ಮೆಲ್ರೋಸ್ ಎಂಬ ಪುಟ್ಟ ಊರಿನಲ್ಲಿ. ಸ್ಥಳೀಯ ಕ್ಲಬ್ಬಿಗೆ ಹಣ ಕೂಡಿಸಬೇಕಿತ್ತು. ಒಂದೇ ದಿನದಲ್ಲಿ ಹಲವು ತಂಡಗಳನ್ನು ಆಡಿಸಬೇಕಾದರೆ ಹದಿನೈದು ಮಂದಿಯ ಪೂರ್ಣ ಪಂದ್ಯ ಸಾಧ್ಯವಿರಲಿಲ್ಲ. ಮಾಂಸದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ನೆಡ್ ಹೇಗ್ ಎಂಬ ಆಟಗಾರ ಆಟಗಾರರ ಸಂಖ್ಯೆಯನ್ನೂ ಸಮಯವನ್ನೂ ಇಳಿಸುವ ಸಲಹೆ ಕೊಟ್ಟರು. ಸೆವೆನ್ಸ್ ವಿಶ್ವಕಪ್ ಗೆದ್ದ ಪುರುಷರ ತಂಡಕ್ಕೆ ಕೊಡುವ ಟ್ರೋಫಿಯ ಹೆಸರು ಮೆಲ್ರೋಸ್ ಕಪ್.

ತಲಾ ಏಳು ಮಂದಿ, ಏಳು ನಿಮಿಷಗಳ ಎರಡು ಅವಧಿ. ಆದರೆ ಮೈದಾನ ಮಾತ್ರ ಪೂರ್ಣ ರಗ್ಬಿಯದೇ: ಸುಮಾರು 100 ಮೀಟರ್ ಉದ್ದ, 70 ಮೀಟರ್ ಅಗಲ. ಆಟದ ಗುಟ್ಟೆಲ್ಲ ಈ ಲೆಕ್ಕದಲ್ಲೇ ಇದೆ. ಹದಿನೈದರ ಆಟದಲ್ಲಿ ಇದೇ ಜಾಗದಲ್ಲಿ 30 ಮಂದಿ ಓಡಾಡುತ್ತಾರೆ. ಸೆವೆನ್ಸ್‌ನಲ್ಲಿ 14 ಮಂದಿ. ಒಬ್ಬೊಬ್ಬರ ಪಾಲಿಗೆ 500 ಚದರ ಮೀಟರ್ ಬರುತ್ತದೆ. ಎದುರಾಳಿಯನ್ನು ಗುದ್ದಿ ಹಿಂದಕ್ಕೆ ತಳ್ಳುವುದಕ್ಕಿಂತ ಖಾಲಿ ಜಾಗವನ್ನು ಹುಡುಕಿಕೊಳ್ಳುವುದು ಇಲ್ಲಿ ಲಾಭದ ದಾರಿ. ಚೆಂಡು ಹಿಡಿದವನು ತನ್ನನ್ನು ಕೆಡವಲು ಬಂದವನ ಹಿಡಿತವನ್ನು, ಅಂದರೆ ಟ್ಯಾಕಲ್ ಅನ್ನು, ತಪ್ಪಿಸಿಕೊಂಡರೆ ಹಿಂದೆ ಕಾಯುವವರು ಒಬ್ಬಿಬ್ಬರು ಮಾತ್ರ. ಅವರನ್ನೂ ದಾಟಿದರೆ ಟ್ರೈ.

ಅಂಕಗಳ ರೀತಿ ಪೂರ್ಣ ರಗ್ಬಿಯದೇ. ಎದುರಾಳಿಯ ಗಡಿಯಾಚೆ ಚೆಂಡನ್ನು ನೆಲಕ್ಕೊತ್ತಿದರೆ ಟ್ರೈ, 5 ಅಂಕ. ಅದರ ಬೆನ್ನಿಗೇ ಗೋಲುಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2 ಅಂಕ. ಹದಿನೈದರ ಆಟದಲ್ಲಿ ಚೆಂಡನ್ನು ನೆಲದ ಮೇಲಿಟ್ಟು ಸಾವಧಾನವಾಗಿ ಗುರಿ ನೋಡಿ ಒದೆಯಬಹುದು. ಸೆವೆನ್ಸ್‌ನಲ್ಲಿ ಆ ಸೌಕರ್ಯವಿಲ್ಲ. ಚೆಂಡನ್ನು ಕೈಯಿಂದ ಬಿಟ್ಟು, ಅದು ನೆಲ ಮುಟ್ಟಿ ಮೇಲೇಳುವ ಕ್ಷಣದಲ್ಲೇ ಒದೆಯಬೇಕು. ಇದೇ ಡ್ರಾಪ್ ಕಿಕ್. ಟ್ರೈ ಗಳಿಸಲು ಎಪ್ಪತ್ತು ಎಂಬತ್ತು ಮೀಟರ್ ಓಡಿ ಏದುಸಿರು ಬಿಡುತ್ತಿರುವವರೇ ಕೆಲವೊಮ್ಮೆ ಅರ್ಧ ನಿಮಿಷದೊಳಗೆ ಈ ಕಿಕ್ ಮುಗಿಸಬೇಕಾಗುತ್ತದೆ. ಅಂಕ ಗಳಿಸಿದ ತಂಡವೇ ಚೆಂಡನ್ನು ಒದ್ದು ಆಟ ಮುಂದುವರಿಸಬೇಕೆಂಬ ನಿಯಮವೂ ಇದೆ. ಹಾಗಾಗಿ ಹಿಂದೆ ಬಿದ್ದ ತಂಡಕ್ಕೆ ಚೆಂಡು ಸಿಗುವ ಅವಕಾಶ ಹೆಚ್ಚು. ಎರಡೇ ನಿಮಿಷದಲ್ಲಿ ಪಂದ್ಯ ತಲೆಕೆಳಗಾಗಬಹುದು.

ಪಂದ್ಯ ಚಿಕ್ಕದೆಂದ ಮಾತ್ರಕ್ಕೆ ಆಟ ಸುಲಭವಲ್ಲ. ಪಂದ್ಯಾವಳಿಯ ಎರಡು ಅಥವಾ ಮೂರು ದಿನಗಳಲ್ಲಿ ಒಂದೇ ತಂಡ ಐದಾರು ಪಂದ್ಯ ಆಡುತ್ತದೆ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಇನ್ನೊಂದು. ಪ್ರತಿ ಬಾರಿಯೂ ಮೈ ತಣ್ಣಗಾಗುತ್ತದೆ, ಮತ್ತೆ ಬಿಸಿ ಮಾಡಿಕೊಳ್ಳಬೇಕು. ಆದ್ದರಿಂದ ಇದು ಸಾಮಾನ್ಯವಾಗಿ ಇಪ್ಪತ್ತರ ಹರೆಯದವರ ಆಟ. ಮೂವತ್ತು ದಾಟಿದ ಮೇಲೂ ಮೇಲ್ಮಟ್ಟದಲ್ಲಿ ಉಳಿಯುವವರು ವಿರಳ. ಸೆರೆವಿ ಉಳಿದವರಷ್ಟೇ ಅಲ್ಲ, 36ರ ವಯಸ್ಸಿನಲ್ಲಿ ವಿಶ್ವಕಪ್ ಎತ್ತಿದವರು.

ಫಿಜಿ ಮತ್ತು ರಗ್ಬಿ

ಫಿಜಿ ದಕ್ಷಿಣ ಪೆಸಿಫಿಕ್‌ನ ಮುನ್ನೂರಕ್ಕೂ ಹೆಚ್ಚು ದ್ವೀಪಗಳ ದೇಶ. ಜನಸಂಖ್ಯೆ ಸುಮಾರು ಒಂಬತ್ತು ಲಕ್ಷ. ಬ್ರಿಟಿಷರ ಆಳ್ವಿಕೆಯಲ್ಲಿ, 1880ರ ದಶಕದಲ್ಲಿ, ಇಲ್ಲಿಗೆ ರಗ್ಬಿ ಬಂತು. 1913ರಲ್ಲಿ ಆಟದ ಸಂಸ್ಥೆ ರೂಪುಗೊಂಡಿತು. 1970ರಲ್ಲಿ ದೇಶ ಸ್ವತಂತ್ರವಾಯಿತು. ಮೂಲನಿವಾಸಿ ಇತೌಕೇ ಜನರ ಹಳ್ಳಿಗಳಲ್ಲಿ ರಗ್ಬಿ ಶಾಲೆ, ಚರ್ಚುಗಳಷ್ಟೇ ಬೇರೂರಿದೆ. 1879ರಿಂದ 1916ರವರೆಗೆ ಭಾರತದಿಂದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದ ಗಿರ್ಮಿಟಿಯಾಗಳ ವಂಶಜರಲ್ಲಿ ಫುಟ್ಬಾಲಿನ ಒಲವು ಹೆಚ್ಚು. ಆದರೂ ರಾಷ್ಟ್ರೀಯ ಸೆವೆನ್ಸ್ ತಂಡ ಗೆದ್ದ ದಿನ ಎರಡೂ ಸಮುದಾಯಗಳು ಒಟ್ಟಿಗೆ ಬೀದಿಗಿಳಿಯುತ್ತವೆ. 1987ರ ಸೇನಾ ದಂಗೆಗಳಿಂದ ಆರಂಭವಾಗಿ ಹಲವು ರಾಜಕೀಯ ಕ್ಷೋಭೆಗಳನ್ನು ಕಂಡ ದೇಶಕ್ಕೆ ಇದು ಸಣ್ಣ ಸಂಗತಿಯಲ್ಲ.

ಹದಿನೈದರ ರಗ್ಬಿಯಲ್ಲಿ ಫಿಜಿ ದೊಡ್ಡ ದೇಶಗಳನ್ನು ಎದುರಿಸಿ ನಿಲ್ಲುವುದು ಕಷ್ಟ. ಅದಕ್ಕೆ ದೊಡ್ಡ ಲೀಗ್ ಬೇಕು, ಎರಡೂ ತಂಡದವರು ತಲೆ ತಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವ ಸ್ಕ್ರಮ್ಮಿನಲ್ಲಿ ವರ್ಷಗಟ್ಟಲೆ ಪಳಗಿದ ಭಾರೀ ಆಳುಗಳು ಬೇಕು, ಹಣ ಬೇಕು. ಸೆವೆನ್ಸ್‌ಗೆ ಬೇಕಾದದ್ದು ವೇಗ, ಕೈಚಳಕ ಮತ್ತು ಚೆಂಡನ್ನು ಬೀಳದಂತೆ ಒಬ್ಬರಿಂದೊಬ್ಬರಿಗೆ ದಾಟಿಸುವ ಸಹಜ ಅಭ್ಯಾಸ. ಹಳ್ಳಿಯ ಬಯಲಿನಲ್ಲಿ ಬರಿಗಾಲಲ್ಲಿ, ನಿಜವಾದ ಚೆಂಡಿಲ್ಲದಿದ್ದರೆ ಪ್ಲಾಸ್ಟಿಕ್ ಬಾಟಲಿ ಹಿಡಿದು ಆಡಿ ಬೆಳೆದ ಮಕ್ಕಳಿಗೆ ಇದು ಮೈಗೂಡಿರುತ್ತದೆ. 1976ರಲ್ಲಿ ಆರಂಭವಾದ ಹಾಂಗ್‌ಕಾಂಗ್ ಸೆವೆನ್ಸ್ ಫಿಜಿಯ ಈ ಶಕ್ತಿಯನ್ನು ಜಗತ್ತಿಗೆ ಪರಿಚಯಿಸಿತು. ಮರುವರ್ಷವೇ ಅಲ್ಲಿ ಪ್ರಶಸ್ತಿ ಗೆದ್ದ ಫಿಜಿ 1978, 1980 ಮತ್ತು 1984ರಲ್ಲೂ ಗೆದ್ದಿತು. ಸೆರೆವಿ ಬೆಳೆದದ್ದು ಈ ಗೆಲುವುಗಳ ಕಥೆ ಮನೆಮನೆಯಲ್ಲಿ ಕೇಳಿಬರುತ್ತಿದ್ದ ಕಾಲದಲ್ಲಿ.

ಪ್ರವೇಶ ಮತ್ತು ಹಾಂಗ್‌ಕಾಂಗ್ ವರ್ಷಗಳು

ಸೆರೆವಿ ಹುಟ್ಟಿದ್ದು ರಾಜಧಾನಿ ಸುವಾದಲ್ಲಿ. ಅವರ ಮನೆತನದ ಬೇರು ಲೋಮಾಯ್‌ವಿಟಿ ದ್ವೀಪಸಮೂಹದ ನ್ಗಾವು ದ್ವೀಪದಲ್ಲಿದೆ. ಎತ್ತರ ಐದೂವರೆ ಅಡಿಯ ಆಸುಪಾಸು. ಆರಡಿ ಮೀರಿದ ಫಿಜಿ ಆಟಗಾರರ ನಡುವೆ ನಿಂತರೆ ಎದ್ದು ಕಾಣುವಷ್ಟು ಗಿಡ್ಡ. ಹದಿನೈದರ ಆಟದ ಅಳತೆಗೋಲಿನಲ್ಲಿ ಇದು ಕೊರತೆ. ಸೆವೆನ್ಸ್‌ನಲ್ಲಿ ಇದೇ ಬಂಡವಾಳವಾಯಿತು. ಭಾರದ ಕೇಂದ್ರ ನೆಲಕ್ಕೆ ಹತ್ತಿರವಿದ್ದ ಕಾರಣ ಓಟದ ನಡುವೆ ದಿಕ್ಕು ಬದಲಿಸುವಾಗ ಉದ್ದ ಕಾಲಿನವರಿಗಿಂತ ಅವರಿಗೆ ಕಡಿಮೆ ಹೆಜ್ಜೆ ಸಾಕಾಗುತ್ತಿತ್ತು.

1989ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಆಡಿದಾಗ ಅವರಿಗೆ ಇಪ್ಪತ್ತು ವರ್ಷ. ಮರುವರ್ಷದಿಂದ ಫಿಜಿಯ ಸುವರ್ಣಕಾಲ ಶುರುವಾಯಿತು. 1990, 1991, 1992, ಸತತ ಮೂರು ವರ್ಷ ಹಾಂಗ್‌ಕಾಂಗ್ ಪ್ರಶಸ್ತಿ ಫಿಜಿಯದು. ಮೂರೂ ಬಾರಿ ಫೈನಲ್‌ನಲ್ಲಿ ಸೋತದ್ದು ನ್ಯೂಜಿಲೆಂಡ್. ಆಗ ವಿಶ್ವ ಸರಣಿ ಇರಲಿಲ್ಲ. ಆಹ್ವಾನಿತ ದೇಶಗಳು ವರ್ಷಕ್ಕೊಮ್ಮೆ ಕೂಡುತ್ತಿದ್ದ ಹಾಂಗ್‌ಕಾಂಗ್ ಪಂದ್ಯಾವಳಿಯೇ ಸೆವೆನ್ಸ್‌ನ ಅನಧಿಕೃತ ವಿಶ್ವ ಚಾಂಪಿಯನ್‌ಷಿಪ್ ಆಗಿತ್ತು. ಅಲ್ಲಿ ಮಿಂಚಿದವನ ಹೆಸರು ರಗ್ಬಿ ಆಡುವ ದೇಶಗಳಿಗೆಲ್ಲ ತಲುಪುತ್ತಿತ್ತು. ಅಲ್ಲಿನ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ಒಂದಕ್ಕಿಂತ ಹೆಚ್ಚು ಬಾರಿ ಪಡೆದ ಸೆರೆವಿಯವರನ್ನು ಪತ್ರಿಕೆಗಳು ಸೆವೆನ್ಸ್‌ನ ಮಾಂತ್ರಿಕ, ಸೆವೆನ್ಸ್‌ನ ರಾಜ ಎಂದು ಕರೆಯತೊಡಗಿದವು.

1994ರಿಂದ ನ್ಯೂಜಿಲೆಂಡ್ ಮೇಲುಗೈ ಸಾಧಿಸಿತು. ಆ ವರ್ಷ ತಂಡದ ಹೊಣೆ ಹೊತ್ತ ಗಾರ್ಡನ್ ಟೀಟ್ಜೆನ್ಸ್ ಕಠಿಣ ದೇಹದಂಡನೆ ಮತ್ತು ಶಿಸ್ತಿನ ಮೇಲೆ ತಂಡ ಕಟ್ಟಿದರು. ಎರಿಕ್ ರಷ್, ಜೋನಾ ಲೋಮು, ಕ್ರಿಶ್ಚಿಯನ್ ಕಲನ್‌ರಂಥವರು ಆ ತಂಡದಲ್ಲಿದ್ದರು. 1994ರಿಂದ 1996ರವರೆಗೆ ಹಾಂಗ್‌ಕಾಂಗ್ ಅವರ ಕೈಯಲ್ಲಿತ್ತು. ಮುಂದಿನ ಹದಿನೈದು ವರ್ಷ ಸೆವೆನ್ಸ್ ಚರಿತ್ರೆಯ ದೊಡ್ಡ ಭಾಗ ಈ ಎರಡು ದೇಶಗಳ ಪೈಪೋಟಿಯೇ. ಒಂದು ಕಡೆ ಅಳೆದು ತೂಗಿ ಮಾಡಿದ ಸಿದ್ಧತೆ, ಇನ್ನೊಂದು ಕಡೆ ಆ ಗಳಿಗೆಯಲ್ಲಿ ಹೊಳೆದದ್ದನ್ನು ಆಡುವ ಧೈರ್ಯ. ಎರಡಕ್ಕೂ ಗೆಲುವು ದಕ್ಕಿದೆ ಎಂಬುದೇ ಈ ಆಟದ ಸೊಗಸು.

ಆಡುವ ಬಗೆ

ಸೆರೆವಿ ತಂಡದ ಸೂತ್ರಧಾರರಾಗಿ ಆಡುತ್ತಿದ್ದರು. ಯಾರಿಗೆ, ಯಾವಾಗ, ಎಷ್ಟು ದೂರಕ್ಕೆ ಚೆಂಡು ಹೋಗಬೇಕೆಂಬ ತೀರ್ಮಾನ ಬಹುಪಾಲು ಅವರದೇ. ಅತಿವೇಗದ ಓಟಗಾರರು ಅವರಲ್ಲ; ಫಿಜಿ ತಂಡದಲ್ಲೇ ಅವರಿಗಿಂತ ಬಿರುಸಾಗಿ ಓಡುವವರಿದ್ದರು. ಅವರ ಬಲ ಎದುರಾಳಿಯ ವೇಗವನ್ನು ತಾವು ನಿಯಂತ್ರಿಸುವುದರಲ್ಲಿತ್ತು.

ಅವರ ಒಂದು ನಡೆಯನ್ನು ಬಿಡಿಸಿ ನೋಡಬಹುದು. ಚೆಂಡು ಹಿಡಿದ ಸೆರೆವಿ ಎದುರಾಳಿಯ ಕಡೆಗೆ ಪೂರ್ತಿ ವೇಗದಲ್ಲಿ ನುಗ್ಗುವುದಿಲ್ಲ; ಹೆಚ್ಚುಕಡಿಮೆ ನಡೆದಂತೆ ಬರುತ್ತಾರೆ. ಎದುರು ನಿಂತವನಿಗೆ ಮುನ್ನುಗ್ಗಬೇಕೋ ಕಾಯಬೇಕೋ ತಿಳಿಯುವುದಿಲ್ಲ. ಮೂರು ನಾಲ್ಕು ಮೀಟರ್ ಅಂತರವಿರುವಾಗ ಎರಡೂ ತೋಳುಗಳನ್ನು ಬದಿಗೆ ಚಾಚಿ, ಅತ್ತ ಓಡುತ್ತಿರುವ ಜೊತೆಗಾರನ ಕಡೆಗೇ ಕಣ್ಣು ಹಾಯಿಸಿ ಚೆಂಡು ಬಿಡುವಂತೆ ಮಾಡುತ್ತಾರೆ. ಎದುರಾಳಿಯ ಸೊಂಟ ಆ ದಿಕ್ಕಿಗೆ ತಿರುಗುತ್ತದೆ. ಸೊಂಟ ಒಮ್ಮೆ ತಿರುಗಿದರೆ ಕಾಲುಗಳನ್ನು ಮರಳಿ ತರಲು ಒಂದು ಕ್ಷಣ ಬೇಕು. ಅಷ್ಟರಲ್ಲಿ ಚೆಂಡು ಸೆರೆವಿಯ ಎದೆಗೆ ವಾಪಸಾಗಿರುತ್ತದೆ, ಹೊರಗಾಲು ನೆಲಕ್ಕೆ ಒತ್ತಿರುತ್ತದೆ, ಅವರು ಇನ್ನೊಂದು ಬದಿಯಿಂದ ದಾಟಿರುತ್ತಾರೆ. ಕಬಡ್ಡಿಯಲ್ಲಿ ನುರಿತ ರೈಡರ್ ಕೈ ಒಂದು ಕಡೆ ತೋರಿಸಿ ಕಾಲು ಇನ್ನೊಂದು ಕಡೆ ಚಾಚುವುದನ್ನು ಕಂಡವರಿಗೆ ಈ ತಂತ್ರ ಹೊಸದೆನಿಸದು. ಆ ಆಟದಲ್ಲೂ ಒಂದೊಂದು ತಂಡಕ್ಕೆ ಏಳೇ ಮಂದಿ.

ಬೆನ್ನ ಹಿಂದಿನಿಂದ ಚೆಂಡು ದಾಟಿಸುವುದು, ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದು, ಟ್ಯಾಕಲ್ ಆಗಿ ಬೀಳುತ್ತಿರುವಾಗಲೂ ಒಂದೇ ಕೈಯಿಂದ ಚೆಂಡನ್ನು ಜೊತೆಗಾರನಿಗೆ ತಲುಪಿಸುವುದು ಅವರ ಆಟದಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದವು. ಪ್ರೇಕ್ಷಕರಿಗೆ ಇವು ಚಮತ್ಕಾರ. ತಂಡಕ್ಕೆ ಇವುಗಳಿಂದ ಗಟ್ಟಿ ಲಾಭವಿತ್ತು. ಚೆಂಡು ನೆಲಕ್ಕೆ ಬೀಳದೆ ಕೈಯಿಂದ ಕೈಗೆ ಹರಿಯುತ್ತಿದ್ದರೆ ಎದುರಾಳಿಗೆ ಮರಳಿ ಸಾಲುಗಟ್ಟಿ ನಿಲ್ಲಲು ಬಿಡುವೇ ಸಿಗದು. ಮುಂದೆ ದಾರಿ ಕಾಣದಿದ್ದರೆ ಚೆಂಡು ಹಿಡಿದು ತಮ್ಮ ಗಡಿಯ ಕಡೆಗೇ ಹಿಂದೆ ಹಿಂದೆ ಓಡುವುದೂ ಅವರ ರೂಢಿ. ಎದುರಾಳಿಗಳು ಬೆನ್ನಟ್ಟಿ ಬಂದಷ್ಟೂ ಅವರ ಹಿಂದಿನ ಜಾಗ ಖಾಲಿಯಾಗುತ್ತದೆ. ಬದಿಯಲ್ಲಿರುವ ಜೊತೆಗಾರನಿಗೆ ಒಂದು ಉದ್ದ ಪಾಸ್ ಹೋಗಿ, ಅವನು ಆ ಜಾಗಕ್ಕೆ ನುಗ್ಗಿದರೆ ರಕ್ಷಣೆ ಹರಿದುಹೋಗುತ್ತದೆ. ನೆಲವನ್ನು ಬಿಟ್ಟುಕೊಟ್ಟು ಜಾಗವನ್ನು ಗಳಿಸುವ ಈ ಲೆಕ್ಕ ಹದಿನೈದರ ಆಟದ ಪಾಠಕ್ಕೆ ವಿರುದ್ಧ. ಇಂದು ಸೆವೆನ್ಸ್ ತಂಡಗಳಿಗೆಲ್ಲ ಅದು ಮೊದಲ ಪಾಠ. ಡ್ರಾಪ್ ಕಿಕ್‌ನಲ್ಲೂ ಅವರು ನಿಪುಣರಾಗಿದ್ದರು. ಅವರ ಅಂಕಗಳ ರಾಶಿಯಲ್ಲಿ ಕನ್ವರ್ಷನ್‌ಗಳ ಪಾಲು ದೊಡ್ಡದು.

ವಿಶ್ವಕಪ್‌ಗಳು

ಮೊದಲ ಸೆವೆನ್ಸ್ ವಿಶ್ವಕಪ್ 1993ರಲ್ಲಿ ಎಡಿನ್‌ಬರೋದ ಮರೇಫೀಲ್ಡ್ ಮೈದಾನದಲ್ಲಿ ನಡೆಯಿತು. ಹಾಂಗ್‌ಕಾಂಗ್‌ನಲ್ಲಿ ಮೂರು ವರ್ಷ ಮೆರೆದಿದ್ದ ಫಿಜಿ ನೆಚ್ಚಿನ ತಂಡವಾಗಿತ್ತು. ಆದರೆ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ 21–7ರಿಂದ ಅದನ್ನು ಹೊರಗಟ್ಟಿ, ಬಳಿಕ ಆಸ್ಟ್ರೇಲಿಯಾವನ್ನೂ ಸೋಲಿಸಿ ಕಪ್ ಗೆದ್ದಿತು.

ಎರಡನೆಯ ವಿಶ್ವಕಪ್ 1997ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆಯಿತು. ನಗರ ಬ್ರಿಟಿಷರಿಂದ ಚೀನಾಕ್ಕೆ ಹಸ್ತಾಂತರವಾಗಲು ಆಗ ಕೆಲವೇ ತಿಂಗಳು ಉಳಿದಿದ್ದವು. ಸೆರೆವಿ ಅಲ್ಲಿ ತಮ್ಮ ಆಟದ ತುತ್ತತುದಿ ಮುಟ್ಟಿದರು. ಅವರು ಒದಗಿಸಿದ ಚೆಂಡುಗಳನ್ನು ಮರಿಕಾ ವುನಿಬಾಕ ಟ್ರೈಗಳಾಗಿಸಿದರು. ವಿಶ್ವಕಪ್ ಸೆವೆನ್ಸ್‌ನಲ್ಲಿ ಅತಿಹೆಚ್ಚು ಟ್ರೈ ಗಳಿಸಿದ ದಾಖಲೆ ಮುಂದೆ ವುನಿಬಾಕ ಅವರದಾಯಿತು. ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ, ಸೆಮಿಫೈನಲ್‌ನಲ್ಲಿ ನೆರೆಯ ಪಶ್ಚಿಮ ಸಮೋವಾ ಸೋತವು. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 24–21ರಿಂದ ಮಣಿಸಿ ಫಿಜಿ ಮೊದಲ ಬಾರಿ ಮೆಲ್ರೋಸ್ ಕಪ್ ಎತ್ತಿತು. ಸೆರೆವಿ ಪಂದ್ಯಾವಳಿಯ ಅತ್ಯುತ್ತಮ ಆಟಗಾರರೆನಿಸಿದರು. ಫಿಜಿ ವಿಶ್ವ ಚಾಂಪಿಯನ್ ಎನಿಸಿಕೊಂಡ ಆ ಸಂಭ್ರಮವನ್ನು ಇಡೀ ದೇಶ ಹಂಚಿಕೊಂಡಿತು.

2001ರಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾಟಾದಲ್ಲಿ ನಡೆದ ಮೂರನೆಯ ವಿಶ್ವಕಪ್‌ನಲ್ಲಿ ಫಿಜಿಯ ಓಟ ಸೆಮಿಫೈನಲ್‌ಗೆ ನಿಂತಿತು. ಅಲ್ಲಿ ಆಸ್ಟ್ರೇಲಿಯಾ ಗೆದ್ದಿತು. ಸೆರೆವಿಗೆ ಆಗಲೇ 32 ವರ್ಷ. 2005ರಲ್ಲಿ ವಿಶ್ವಕಪ್ ಮತ್ತೆ ಹಾಂಗ್‌ಕಾಂಗ್‌ಗೆ ಬಂದಾಗ 36. ಆ ವಯಸ್ಸಿನವರನ್ನು ತಂಡಕ್ಕೆ ಸೇರಿಸಿಕೊಳ್ಳುವುದೇ ಸಾಹಸ. ಫಿಜಿ ಅವರಿಗೆ ನಾಯಕತ್ವವನ್ನೇ ಕೊಟ್ಟಿತು. ಇಂಗ್ಲೆಂಡ್ ವಿರುದ್ಧದ ಸೆಮಿಫೈನಲ್ ನಿಗದಿತ ಸಮಯಕ್ಕೆ 19–19ರಲ್ಲಿ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಮೊದಲು ಅಂಕ ಗಳಿಸಿದವರಿಗೇ ಗೆಲುವು. ಹನ್ನೆರಡು ವರ್ಷಗಳ ಹಿಂದೆ ಇದೇ ಹಂತದಲ್ಲಿ, ಇದೇ ಎದುರಾಳಿಯ ಕೈಯಲ್ಲಿ ಫಿಜಿ ಸೋತಿತ್ತು. ಈ ಬಾರಿ ನಿರ್ಣಾಯಕ ಟ್ರೈ ಗಳಿಸಿದವರು ಸ್ವತಃ ಸೆರೆವಿ. ಫೈನಲ್‌ನಲ್ಲಿ ನ್ಯೂಜಿಲೆಂಡ್ 29–19ರಿಂದ ಸೋತಿತು. ಮೆಲ್ರೋಸ್ ಕಪ್ ಎರಡನೆಯ ಬಾರಿ ಗೆದ್ದ ಮೊದಲ ದೇಶ ಫಿಜಿ.

ಕಾಮನ್‌ವೆಲ್ತ್ ಕ್ರೀಡಾಕೂಟ ಮತ್ತು ವಿಶ್ವ ಸರಣಿ

1998ರಲ್ಲಿ ಕೌಲಾಲಂಪುರದ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಸೆವೆನ್ಸ್ ಸೇರಿತು. ಅಲ್ಲಿನ ಫೈನಲ್‌ನಲ್ಲಿ ನ್ಯೂಜಿಲೆಂಡ್ 21–12ರಿಂದ ಫಿಜಿಯನ್ನು ಸೋಲಿಸಿತು. 2002ರ ಮ್ಯಾಂಚೆಸ್ಟರ್ ಕೂಟದಲ್ಲೂ ಅದೇ ಎರಡು ತಂಡ, ಅದೇ ಫಲ, ಅಂಕ 33–15. 2006ರ ಮೆಲ್ಬರ್ನ್ ಕೂಟದಲ್ಲಿ ಫಿಜಿಗೆ ಕಂಚು. ಎರಡು ಬೆಳ್ಳಿ, ಒಂದು ಕಂಚು ಗೆದ್ದ ಸೆರೆವಿಗೆ ಕಾಮನ್‌ವೆಲ್ತ್ ಚಿನ್ನ ಮಾತ್ರ ದಕ್ಕಲಿಲ್ಲ. ಅವರ ಸಂಗ್ರಹದಲ್ಲಿ ಉಳಿದುಹೋದ ದೊಡ್ಡ ಕೊರತೆ ಇದು.

1999–2000ದಲ್ಲಿ ವಿಶ್ವ ಸೆವೆನ್ಸ್ ಸರಣಿ ಆರಂಭವಾದಾಗ ಆಟಗಾರನ ಬದುಕಿನ ಲಯವೇ ಬದಲಾಯಿತು. ವರ್ಷಕ್ಕೊಂದು ದೊಡ್ಡ ಪಂದ್ಯಾವಳಿಯ ಜಾಗದಲ್ಲಿ ಖಂಡಖಂಡಗಳಲ್ಲಿ ಸಾಲು ಪಂದ್ಯಾವಳಿಗಳು ಬಂದವು. ಒಂದು ವಾರಾಂತ್ಯದ ಮಿಂಚಿಗಿಂತ ತಿಂಗಳುಗಟ್ಟಲೆ ಕಾಯ್ದುಕೊಳ್ಳುವ ಸ್ಥಿರತೆಗೆ ಬೆಲೆ ಬಂತು. ಬದಲಿ ಆಟಗಾರರ ದೊಡ್ಡ ಬಳಗ, ವೈದ್ಯಕೀಯ ನೆರವು, ಪ್ರವಾಸದ ಖರ್ಚು ಇವೆಲ್ಲ ಇದ್ದ ನ್ಯೂಜಿಲೆಂಡ್ ಮೊದಲ ಆರು ಸರಣಿಗಳನ್ನೂ ಗೆದ್ದಿತು. ಆ ಸರಪಳಿ ತುಂಡಾದದ್ದು 2005–06ರಲ್ಲಿ. ವಿಶ್ವಕಪ್ ಗೆದ್ದ ಬೆನ್ನಲ್ಲೇ ತರಬೇತುದಾರನ ಹೊಣೆ ಹೊತ್ತ ಸೆರೆವಿ ಆಟವನ್ನೂ ಬಿಡದೆ, ಬೇಕೆಂದಾಗ ತಾವೇ ಮೈದಾನಕ್ಕಿಳಿದು ತಂಡವನ್ನು ನಡೆಸಿದರು. ವಿಲಿಯಂ ರೈಡರ್‌ರಂಥ ಹೊಸ ಪೀಳಿಗೆಯ ಸೂತ್ರಧಾರರು ಆ ವರ್ಷ ಬೆಳಕಿಗೆ ಬಂದರು. ಹಣಬಲದ ದೇಶವನ್ನು ದೀರ್ಘ ಸರಣಿಯಲ್ಲೂ ಸೋಲಿಸಬಹುದೆಂದು ಫಿಜಿಗೆ ಖಾತ್ರಿಯಾದದ್ದು ಆಗ.

ಹದಿನೈದರ ಆಟದಲ್ಲಿ

ಪೂರ್ಣ ರಗ್ಬಿಯಲ್ಲೂ ಸೆರೆವಿ ಫಿಜಿಯನ್ನು ಪ್ರತಿನಿಧಿಸಿದರು. 1991, 1999 ಮತ್ತು 2003ರ ವಿಶ್ವಕಪ್‌ಗಳಲ್ಲಿ ಅವರಿದ್ದರು. 1995ರ ವಿಶ್ವಕಪ್‌ಗೆ ಫಿಜಿ ಅರ್ಹತೆಯನ್ನೇ ಪಡೆಯಲಿಲ್ಲ. 1995ರಲ್ಲಿ ರಗ್ಬಿ ವೃತ್ತಿಪರ ಆಟವಾದ ಮೇಲೆ ಪೆಸಿಫಿಕ್ ದ್ವೀಪಗಳ ಆಟಗಾರರು ಹೊಟ್ಟೆಪಾಡಿಗಾಗಿ ಯುರೋಪ್, ಜಪಾನ್‌ಗಳ ಕ್ಲಬ್ಬುಗಳತ್ತ ಹೊರಟರು. ಸೆರೆವಿಯೂ ಜಪಾನ್, ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಆಡಿದರು. 1997ರ ವಿಶ್ವಕಪ್ ಗೆಲುವಿನ ನಂತರ ಇಂಗ್ಲೆಂಡಿನ ಹೆಸರಾಂತ ಲೆಸ್ಟರ್ ಕ್ಲಬ್ ಅವರನ್ನು ಕರೆಸಿಕೊಂಡಿತು. ಅದೇ ಕ್ಲಬ್ಬಿನಲ್ಲಿ ದಕ್ಷಿಣ ಆಫ್ರಿಕಾದ ಜೋಯೆಲ್ ಸ್ಟ್ರಾನ್ಸ್ಕಿ ಇದ್ದರು. 1995ರ ವಿಶ್ವಕಪ್ ಫೈನಲ್ ಅನ್ನು ಡ್ರಾಪ್ ಗೋಲಿನಿಂದ ಗೆಲ್ಲಿಸಿಕೊಟ್ಟ ಸೂತ್ರಧಾರ. ಹಾಗಾಗಿ ಸೆರೆವಿಗೆ ತಮ್ಮ ಸಹಜ ಸ್ಥಾನ ಖಾಯಮ್ಮಾಗಿ ಸಿಗಲಿಲ್ಲ.

ಕೆಸರುಗದ್ದೆಯಾದ ಚಳಿಗಾಲದ ಮೈದಾನ, ಒತ್ತೊತ್ತಾಗಿ ನಿಂತ ರಕ್ಷಣಾ ಸಾಲು, ಚೆಂಡನ್ನು ಒದ್ದು ನೆಲ ಗಳಿಸುವ ಯೋಜನೆ: ಇವುಗಳ ನಡುವೆ ಅವರ ಕಲೆಗೆ ಜಾಗ ಕಡಿಮೆ. ಇದನ್ನೇ ಮುಂದಿಟ್ಟು ಕೆಲವು ವಿಮರ್ಶಕರು ಅವರನ್ನು ಅಪೂರ್ಣ ಆಟಗಾರನೆಂದು ಎಣಿಸಿದ್ದುಂಟು. ಈ ತೀರ್ಪು ನ್ಯಾಯವಾದುದಲ್ಲ. ನೂರು ಮೀಟರ್ ಓಟಗಾರನನ್ನು ಮ್ಯಾರಥಾನ್ ಗೆಲ್ಲಲಿಲ್ಲವೆಂದು ಯಾರೂ ಕಡೆಗಣಿಸುವುದಿಲ್ಲ. ಸೆವೆನ್ಸ್ ಆಟಗಾರನನ್ನು ಸೆವೆನ್ಸ್‌ನಿಂದಲೇ ಅಳೆಯಬೇಕು ಎಂಬ ಅರಿವು ಮೂಡಲು ತಡವಾಯಿತು. 2024ರಲ್ಲಿ ಹದಿನೈದರ ಆಟದ ಅಗ್ರ ಆಟಗಾರ, ಫ್ರಾನ್ಸಿನ ಆಂತ್ವಾನ್ ದ್ಯುಪೋಂ, ಒಲಿಂಪಿಕ್ಸ್‌ಗಾಗಿ ಪ್ರತಿಷ್ಠಿತ ಸಿಕ್ಸ್ ನೇಷನ್ಸ್ ಪಂದ್ಯಾವಳಿಯನ್ನೇ ಬಿಟ್ಟು ಸೆವೆನ್ಸ್ ಕಲಿಯಲು ಹೋದಾಗ ಆ ಅರಿವು ಪೂರ್ಣಗೊಂಡಿತೆನ್ನಬಹುದು.

ತರಬೇತುದಾರನಾಗಿ

ಆಟದಷ್ಟು ಸರಾಗವಾಗಿ ತರಬೇತುದಾರನ ಹುದ್ದೆ ಸೆರೆವಿಗೆ ಒಲಿಯಲಿಲ್ಲ. 2005–06ರ ಯಶಸ್ಸಿನ ನಂತರ ಫಿಜಿ ತಂಡದ ಚುಕ್ಕಾಣಿ ಅವರ ಕೈತಪ್ಪಿತು. ಮತ್ತೆ ಸಿಕ್ಕಿತು, ಮತ್ತೆ ತಪ್ಪಿತು. ಸೆವೆನ್ಸ್ ಸೋಲನ್ನು ರಾಷ್ಟ್ರೀಯ ಪ್ರಶ್ನೆಯಾಗಿ ಕಾಣುವ ದೇಶದಲ್ಲಿ ಆ ಕುರ್ಚಿ ಯಾರಿಗೂ ಮೆತ್ತಗಿಲ್ಲ. ತನಗೆ ಹುಟ್ಟಿನಿಂದ ಬಂದದ್ದನ್ನು ಇನ್ನೊಬ್ಬನಿಗೆ ಹಂತಹಂತವಾಗಿ ಹೇಳಿಕೊಡುವುದು ಬೇರೆಯೇ ವಿದ್ಯೆ. ಸೆರೆವಿ ಆ ವಿದ್ಯೆಯನ್ನು ಕಲಿತದ್ದು ಹೆಚ್ಚಾಗಿ ದೇಶದ ಹೊರಗೆ. ಅಮೆರಿಕದ ಸಿಯಾಟಲ್‌ನಲ್ಲಿ ತಮ್ಮ ಹೆಸರಿನ ರಗ್ಬಿ ತರಬೇತಿ ಸಂಸ್ಥೆಯ ಸ್ಥಾಪನೆಯಲ್ಲಿ ಪಾಲುಗೊಂಡು, ಚೆಂಡನ್ನೇ ಹಿಡಿದು ನೋಡಿರದ ಮಕ್ಕಳಿಗೂ ಯುವಕರಿಗೂ ಆಟ ಕಲಿಸಿದರು.

ಭಾರತದೊಂದಿಗೂ ಅವರಿಗೆ ನಂಟಿದೆ. 2024ರಲ್ಲಿ ಭಾರತದ ರಗ್ಬಿ ಒಕ್ಕೂಟ ಅವರನ್ನು ರಾಷ್ಟ್ರೀಯ ಸೆವೆನ್ಸ್ ತಂಡಗಳ ಮುಖ್ಯ ತರಬೇತುದಾರರನ್ನಾಗಿ ನೇಮಿಸಿತು. ಮರುವರ್ಷ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ಏಳು ಮಂದಿಯ ಮಾದರಿಯಲ್ಲೇ ನಡೆಯಿತು. ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು. ಕಬಡ್ಡಿ, ಅಥ್ಲೆಟಿಕ್ಸ್‌ಗಳಲ್ಲಿ ಪಳಗಿದ ಹುಡುಗ ಹುಡುಗಿಯರಿರುವ ದೇಶದಲ್ಲಿ ಹದಿನೈದರ ಆಟಕ್ಕಿಂತ ಸೆವೆನ್ಸ್ ಬೇಗ ಬೇರುಬಿಡಬಹುದೆಂಬ ಲೆಕ್ಕಾಚಾರ ಇದರ ಹಿಂದಿದೆ.

ಒಲಿಂಪಿಕ್ಸ್ ಮತ್ತು ಉತ್ತರಾಧಿಕಾರಿಗಳು

2009ರ ಅಕ್ಟೋಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2016ರಿಂದ ಸೆವೆನ್ಸ್ ಅನ್ನು ಒಲಿಂಪಿಕ್ಸ್‌ಗೆ ಸೇರಿಸಲು ತೀರ್ಮಾನಿಸಿತು. ಆ ಹೊತ್ತಿಗೆ ಸೆರೆವಿಯ ಆಟದ ದಿನಗಳು ಮುಗಿದಿದ್ದವು. ಆದರೆ ಅವರು ರೂಪಿಸಿದ ದಾರಿಯಲ್ಲೇ ಫಿಜಿ ನಡೆಯಿತು. 2013ರಲ್ಲಿ ಬಂದ ಇಂಗ್ಲೆಂಡಿನ ತರಬೇತುದಾರ ಬೆನ್ ರಯಾನ್, ಫಿಜಿಯ ಸಹಜ ಶೈಲಿಯನ್ನು ಕದಡದೆ ಅದಕ್ಕೆ ದೇಹದಾರ್ಢ್ಯದ ಬುನಾದಿ ಹಾಕಿದರು. ಸಿಂಗಟೋಕದ ಮರಳುದಿಬ್ಬಗಳ ಮೇಲೆ ಆಟಗಾರರನ್ನು ಹತ್ತಿಸಿ ಇಳಿಸಿದರು. ಆ ತಂಡದಲ್ಲಿ ಜೈಲಿನ ಕಾವಲುಗಾರರಿದ್ದರು, ಹೋಟೆಲ್ ನೌಕರರಿದ್ದರು. 11 ಆಗಸ್ಟ್ 2016ರಂದು ರಿಯೊದಲ್ಲಿ ಗ್ರೇಟ್ ಬ್ರಿಟನ್ ತಂಡವನ್ನು 43–7ರಿಂದ ಸೋಲಿಸಿ ಫಿಜಿ ಚಿನ್ನ ಗೆದ್ದಿತು. ಅದು ಫಿಜಿಗೆ ಯಾವುದೇ ಕ್ರೀಡೆಯಲ್ಲಿ ಬಂದ ಮೊದಲ ಒಲಿಂಪಿಕ್ ಪದಕ. ಆ ನೆನಪಿಗೆ ಅಲ್ಲಿನ ರಿಸರ್ವ್ ಬ್ಯಾಂಕ್ 2017ರಲ್ಲಿ ಏಳು ಡಾಲರಿನ ನೋಟು ಹೊರತಂದಿತು. ಅದರ ಮೇಲೆ ನಾಯಕ ಒಸೇಯ ಕೊಲಿನಿಸಾವು ಅವರ ಚಿತ್ರವಿದೆ.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಫಿಜಿ ನ್ಯೂಜಿಲೆಂಡನ್ನು 27–12ರಿಂದ ಸೋಲಿಸಿ ಚಿನ್ನ ಉಳಿಸಿಕೊಂಡಿತು. ನಾಯಕ ಜೆರ್ರಿ ತುವಾಯ್ ಸೆವೆನ್ಸ್‌ನಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದ ಮೊದಲ ಆಟಗಾರರಾದರು. ಸುವಾ ಹೊರವಲಯದ ಬಡಾವಣೆಯೊಂದರಲ್ಲಿ ಬಾಟಲಿಯನ್ನೇ ಚೆಂಡಾಗಿಸಿಕೊಂಡು ಬೆಳೆದ, ಗಿಡ್ಡ ಮೈಕಟ್ಟಿನ ತುವಾಯ್ ಆಡುವ ಸ್ಥಾನದಲ್ಲೂ ರೀತಿಯಲ್ಲೂ ಸೆರೆವಿಯ ವಾರಸುದಾರ. 2022ರಲ್ಲಿ ಕೇಪ್‌ಟೌನ್‌ನಲ್ಲಿ ಫಿಜಿ ಮೂರನೆಯ ವಿಶ್ವಕಪ್ ಗೆದ್ದಾಗ ತರಬೇತುದಾರರಾಗಿದ್ದವರು ಬೆನ್ ಗೋಲಿಂಗ್ಸ್, ಒಂದು ಕಾಲದಲ್ಲಿ ಇಂಗ್ಲೆಂಡ್ ಪರ ಸೆರೆವಿಯ ಎದುರು ಆಡಿದವರು. 2024ರ ಪ್ಯಾರಿಸ್ ಫೈನಲ್‌ನಲ್ಲಿ ದ್ಯುಪೋಂ ಇದ್ದ ಫ್ರಾನ್ಸ್ 28–7ರಿಂದ ಗೆದ್ದು ಒಲಿಂಪಿಕ್ಸ್‌ನಲ್ಲಿ ಫಿಜಿಯ ಅಜೇಯ ಓಟಕ್ಕೆ ತಡೆಹಾಕಿತು. ಫಿಜಿಗೆ ಬೆಳ್ಳಿ ಬಂತು. ಆಗ ತಂಡದ ತರಬೇತುದಾರರಾಗಿದ್ದವರು ರಿಯೊ ನಾಯಕ ಕೊಲಿನಿಸಾವು.

ಸ್ಥಾನ ಮತ್ತು ಮಹತ್ವ

ಸೆರೆವಿಯ ದಾಖಲೆಗಳಲ್ಲಿ ಕೆಲವನ್ನು ಮುಂದಿನವರು ಮುರಿದಿದ್ದಾರೆ, ಉಳಿದವೂ ಎಂದಾದರೂ ಮುರಿಯಬಹುದು. ವಿಶ್ವ ಸರಣಿಯಲ್ಲಿ ಪಂದ್ಯಗಳ ಸಂಖ್ಯೆ ಬೆಳೆದಂತೆ ಅಂಕಗಳ ಮೊತ್ತವೂ ಬೆಳೆಯುವುದು ಸಹಜ. ಅವರ ಕೊಡುಗೆಯನ್ನು ಇನ್ನೂ ಮೂಲಭೂತವಾದ ಕಡೆ ಹುಡುಕಬೇಕು. ಸೆವೆನ್ಸ್ ಅನ್ನೇ ಮುಖ್ಯ ಕಸುಬಾಗಿ ಹಿಡಿದು, ಅದರಲ್ಲೇ ಸುಮಾರು ಎರಡು ದಶಕ ನಿಂತು ಶ್ರೇಷ್ಠತೆ ಸಾಧಿಸಬಹುದೆಂದು ಅವರು ತೋರಿಸುವ ಮುನ್ನ ಅಂಥ ವೃತ್ತಿಜೀವನಕ್ಕೆ ಮಾದರಿಯೇ ಇರಲಿಲ್ಲ. ಇಂದು ಹಲವು ದೇಶಗಳು ಸೆವೆನ್ಸ್ ಆಟಗಾರರಿಗೆ ಪ್ರತ್ಯೇಕ ಗುತ್ತಿಗೆ ಕೊಟ್ಟು, ಪ್ರತ್ಯೇಕ ತರಬೇತಿ ಕೇಂದ್ರಗಳಲ್ಲಿ ಬೆಳೆಸುತ್ತವೆ. ಹೆಣ್ಣುಮಕ್ಕಳ ತಂಡಗಳೂ ಇದೇ ಹಾದಿಯಲ್ಲಿ ಬೆಳೆದಿವೆ. ಟೋಕಿಯೊದಲ್ಲಿ ಫಿಜಿಯ ಮಹಿಳೆಯರು ಕಂಚು ಗೆದ್ದರು.

ಸಣ್ಣ ದೇಶ, ಸಣ್ಣ ಮೈಕಟ್ಟು, ತೆಳುವಾದ ಕಿಸೆ: ಕ್ರೀಡೆಯಲ್ಲಿ ಇವು ಮೂರೂ ಸಾಮಾನ್ಯವಾಗಿ ಸೋಲಿನ ಕಾರಣಗಳಾಗಿ ಕೇಳಿಬರುತ್ತವೆ. ತಮ್ಮಲ್ಲಿರುವ ಗುಣಕ್ಕೆ ಹೊಂದುವ ಆಟವನ್ನು ಆರಿಸಿ, ಅದರ ಒಳಸುಳಿಗಳನ್ನು ಎಲ್ಲರಿಗಿಂತ ಆಳವಾಗಿ ಅರಿತರೆ ಈ ಮೂರನ್ನೂ ಮೀರಬಹುದೆಂಬುದಕ್ಕೆ ವೈಸಾಲೆ ಸೆರೆವಿಯ ಕ್ರೀಡಾಜೀವನಕ್ಕಿಂತ ಉತ್ತಮ ಸಾಕ್ಷ್ಯ ರಗ್ಬಿಯ ಚರಿತ್ರೆಯಲ್ಲಿ ಸಿಗುವುದು ಕಷ್ಟ.